ಸೀತು ಮೆಟ್ಟಿಲು ಹತ್ತಲಿಲ್ಲ

ಕಚೇರಿಗೆ ಅಲೆದು ಅಲೆದು ಚಪ್ಪಲಿ ಸವೆಯಿತು ಎಂದು ಜನ ಹೇಳುವುದುಂಟು. ಸೀತುವಿಗೆ ಚಪ್ಪಲಿಯೇ ಇಲ್ಲ. ಅವಳ ಮಟ್ಟಿಗೆ ಸವೆದದ್ದು ಅಣ್ಣ ಸೀನನ ಬೆನ್ನು.

ಎರಡು ವರ್ಷದ ಮಗುವಾಗಿದ್ದಾಗ ಪೋಲಿಯೋ ಬಂದು ಸೀತುವಿನ ಎರಡೂ ಕಾಲು ಹೋದವು. ಈಗ ಅವಳಿಗೆ ನಲವತ್ತೆಂಟು. ಬೆಳ್ಳಾರೆ ಪೇಟೆಯಿಂದ ಒಂದು ಮೈಲು ಒಳಗೆ ಅಣ್ಣ ಮತ್ತು ಅತ್ತಿಗೆ ಕಮಲಾವತಿಯ ಜೊತೆ ಇದ್ದಾಳೆ. ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಾಳೆ. ಸೀನ ಅಡಿಕೆ ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದವನು. ಶಾಲೆಗೆ, ಮದುವೆಗೆ, ಓಟಿಗೆ, ಎಲ್ಲಿಗೆ ಹೋಗುವುದಿದ್ದರೂ ತಂಗಿಯನ್ನು ಹೊತ್ತದ್ದು ಅವನೇ. "ನೀನು ಅರ್ಧ ಮೂಟೆಯೂ ಇಲ್ಲ ಮಾರಾಯ್ತಿ" ಎಂದು ತಮಾಷೆ ಬೇರೆ.

ಏಳು ತಿಂಗಳ ಹಿಂದೆ ಸೀತುವಿನ ವಿಕಲಚೇತನರ ಪಿಂಚಣಿ ನಿಂತಿತು. ಆಧಾರ್ ಸರಿ ಮಾಡಿಸಬೇಕು, ಬೆರಳಚ್ಚು ಕೊಡಬೇಕು, ಖುದ್ದು ಬರಬೇಕು ಎಂದರು. ಪೇಟೆಯ ಆಧಾರ್ ಕೇಂದ್ರ ಇರುವುದು ಮಹಡಿಯ ಮೇಲೆ. ಹತ್ತೊಂಬತ್ತು ಮೆಟ್ಟಿಲು, ಅಣ್ಣನ ಬೆನ್ನ ಮೇಲೆ ಕೂತು ಸೀತು ಎಣಿಸಿದ್ದಳು. ಮೊದಲ ಸಲ ಸರ್ವರ್ ಇರಲಿಲ್ಲ. ಎರಡನೇ ಸಲ ಮಿಷನ್ನಿನವರು ರಜೆ. ಮೂರನೇ ಸಲ ಎಲ್ಲ ಇತ್ತು, ಸೀತುವಿನ ಬೆರಳಲ್ಲಿ ಗೆರೆ ಇರಲಿಲ್ಲ. ಮೂವತ್ತು ವರ್ಷ ಬೀಡಿ ಸುರುಟಿದ ಬೆರಳು, ಗೆರೆ ಎಲ್ಲಿಂದ ಬರಬೇಕು! "ಇನ್ನೊಮ್ಮೆ ಬನ್ನಿ" ಎಂದರು.

ಇಳಿಯುವಾಗ ಅರ್ಧದಲ್ಲಿ ಸೀನನ ಸೊಂಟ ಹಿಡಿಯಿತು. ತಂಗಿಯನ್ನು ಬೀಳಿಸಲಿಲ್ಲ, ಪುಣ್ಯ. ಆದರೆ ಪುತ್ತೂರಿನ ಡಾಕ್ಟರು ಇನ್ನು ಭಾರ ಎತ್ತಲೇಬಾರದು ಎಂದುಬಿಟ್ಟರು. ಈಗ ಅವನು ಅದೇ ಗೋದಾಮಿನಲ್ಲಿ ಕೂತು ಚೀಲದ ಬಾಯಿ ಹೊಲಿಯುತ್ತಾನೆ.

ಪಿಂಚಣಿ ದೊಡ್ಡ ಗಂಟೇನೂ ಅಲ್ಲ. ಬೀಡಿಯ ದುಡ್ಡು ಅಕ್ಕಿಗೆ, ಔಷಧಿಗೆ ಹೋಗುತ್ತಿತ್ತು. ಪಿಂಚಣಿ ಮಾತ್ರ ಸೀತುವಿನದ್ದೇ. ಅದು ಬಂದ ದಿನ ಅತ್ತಿಗೆಯ ಕೈಗೆ ದುಡ್ಡಿಟ್ಟು, "ಇವತ್ತು ಬಂಗುಡೆ ಆಗ್ಲಿ" ಎಂದು ಅಪ್ಪಣೆ ಕೊಡುತ್ತಿದ್ದಳು. ಏಳು ತಿಂಗಳಿಂದ ಇಂಥ ಮೀನು ಬೇಕೆಂದು ಅವಳು ಬಾಯಿ ಬಿಟ್ಟಿಲ್ಲ. ಹಾಕಿದ್ದನ್ನು ಉಣ್ಣುವುದು, ಸುಮ್ಮನಿರುವುದು. ಹುಟ್ಟಿದ ಮನೆಯಲ್ಲೇ ನೆಂಟರ ಹಾಗೆ ಆಗಿಬಿಟ್ಟಿದ್ದಳು.

ಒಂದು ಬೆಳಿಗ್ಗೆ, ಹಿಂದೆ ಎರಡು ಹೆಚ್ಚಿನ ಚಕ್ರ ಜೋಡಿಸಿದ ಸ್ಕೂಟರೊಂದು ಅಂಗಳಕ್ಕೆ ಬಂತು. ಇಳಿದವಳು ಫಾತಿಮತ್ ಝುಹ್ರಾ, ಪಂಚಾಯತಿನ ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆ. ವಿಕಲಚೇತನರ ಕೆಲಸ ನೋಡಿಕೊಳ್ಳಲೆಂದೇ ಇರುವವಳು. ಅವಳ ಒಂದು ಕಾಲಿಗೂ ಕಬ್ಬಿಣದ ಪಟ್ಟಿ.

"ಸೀತಕ್ಕ, ಪಿಂಚಣಿ ನಿಂತದ್ದು ನನಗೆ ಹೇಳ್ಬಾರ್ದಾ?"

"ಎಂತ ಹೇಳುದು? ದೇವರು ವರ ಕೊಟ್ರೂ ಪೂಜಾರಿ ಕೊಡುದಿಲ್ಲ. ಸಾಕಾಯ್ತು ಝುಹ್ರಾ. ನನಗೆ ಪಿಂಚಣಿಯೂ ಬೇಡ, ಎಂತದೂ ಬೇಡ. ಆ ಮೆಟ್ಟಿಲು ಇನ್ನು ನಾನು ಹತ್ತುದಿಲ್ಲ."

"ಹತ್ತುದು ಬೇಡ. ಕೆಳಗೆ ಬನ್ನಿ ಅಂತ ಅವರಿಗೆ ಒಂದು ಸಲವಾದ್ರೂ ಹೇಳಿದ್ದೀರಾ?"

ಸೀತು ನಕ್ಕೇಬಿಟ್ಟಳು. "ಅಯ್ಯೋ ದೇವರೇ! ನಾವು ಹೇಳಿದ್ರೆ ಅವರು ಬರ್ಲಿಕ್ಕುಂಟಾ?"

"ನಮ್ಮಂಥವರು ಹತ್ಲಿಕ್ಕಾಗದ ಕಡೆ ಕೂತು, ಖುದ್ದು ಬನ್ನಿ ಅಂತ ಹೇಳುವ ಹಾಗಿಲ್ಲ ಅಕ್ಕ. ಕಾನೂನು ಉಂಟು. ಬೆರಳು ಆಗದಿದ್ರೆ ಕಣ್ಣು ನೋಡುವ ಮಿಷನ್ ಉಂಟು. ಮಲಗಿದಲ್ಲೇ ಇರುವವರಿಗೆ ಮನೆಗೆ ಬರುವ ಕ್ರಮವೂ ಉಂಟು. ಆದ್ರೆ ಬರೆದು ಕೇಳ್ಬೇಕು. ನೀವು ಮೂರು ಸಲವೂ ಸೀನಣ್ಣನ ಬೆನ್ನೇರಿ ಹೋದ್ರಿ. ಮೇಲೆ ಕೂತವರಿಗೆ ಮೆಟ್ಟಿಲು ಕಷ್ಟ ಅಂತ ಗೊತ್ತಾಗುದು ಹೇಗೆ?"

ಬಾಗಿಲಲ್ಲಿ ನಿಂತಿದ್ದ ಸೀನನ ಮುಖ ಸಣ್ಣದಾಯಿತು. "ಹಾಗಾದ್ರೆ ನಾನು ಹೊತ್ತದ್ದೇ ತಪ್ಪಾ?"

ನಲವತ್ತು ವರ್ಷ ಹೊತ್ತವನಿಗೆ ಏನೆಂದು ಹೇಳುವುದು?

"ನೀವು ಹೊತ್ತದ್ದಕ್ಕೇ ಅಕ್ಕ ಶಾಲೆ ಕಂಡದ್ದು, ಓಟು ಹಾಕಿದ್ದು" ಎಂದಳು ಝುಹ್ರಾ ಮೆಲ್ಲಗೆ. "ಆದ್ರೆ ಸೀನಣ್ಣ ಇದ್ದಾರಲ್ಲ ಅಂತ ಊರೇ ಸುಮ್ಮನೆ ಕೂತಿತು. ನಾನೂ ಕೂತೆ."

ಸೀತುವಿನ ಕಣ್ಣು ತುಂಬಿತು. "ಆ ಮೆಟ್ಟಿಲಲ್ಲಿ ಎಲ್ಲರೂ ನೋಡುವಾಗ ನನಗೆ ಸತ್ತು ಹೋಗುವಷ್ಟು ನಾಚಿಕೆ ಆಗ್ತಿತ್ತು ಅಣ್ಣ. ನಿನಗೆ ಬೇಸರ ಆಗ್ತದೆ ಅಂತ ಹೇಳ್ಲಿಲ್ಲ."

ಅವತ್ತೇ ಅರ್ಜಿ ಬರೆದರು, ಎರಡು ಪ್ರತಿ. ಒಂದನ್ನು ಕೇಂದ್ರಕ್ಕೆ ಕೊಟ್ಟು, ಇನ್ನೊಂದಕ್ಕೆ ಝುಹ್ರಾ ಸೀಲು ಹಾಕಿಸಿಕೊಂಡು ಬಂದಳು. ಹದಿನೈದು ದಿನವಾದರೂ ಉತ್ತರವಿಲ್ಲ.

"ನಾನು ಹೇಳ್ಲಿಲ್ವಾ?" ಎಂದಳು ಸೀತು.

"ಸರಿ, ನಾವೇ ಹೋಗುವ. ಮೆಟ್ಟಿಲಿನ ಕೆಳಗಿನ ತನಕ ಮಾತ್ರ."

ಮೂವರೂ ರಿಕ್ಷಾದಲ್ಲಿ ಹೋದರು. ಮೆಟ್ಟಿಲು ಕಂಡದ್ದೇ ಸೀನ ಅಭ್ಯಾಸಬಲದಿಂದ ಬೆನ್ನು ಬಗ್ಗಿಸಿದ. "ಬೇಡ ಅಣ್ಣ" ಎಂದಳು ಸೀತು. ಪಕ್ಕದ ಹೋಟೆಲಿನವರು ಒಂದು ಪ್ಲಾಸ್ಟಿಕ್ ಕುರ್ಚಿ ಕೊಟ್ಟರು. ಸೀತು ರಿಕ್ಷಾದಿಂದ ಜರುಗಿ ಅದರಲ್ಲಿ ಕೂತಳು. ಬಿಸಿಲು ಏರಿತು. ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ಗಂಡಸರು ನಿಂತರು. "ಪಾಪ, ಎಂತಕ್ಕೆ ಇಲ್ಲಿ ಕೂತದ್ದು? ಕುರ್ಚಿ ಸಮೇತ ಎತ್ತುವ, ಹಿಡಿ ಮಾರಾಯ!"

ಸೀತು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದಳು. "ನನ್ನನ್ನು ಎತ್ತುದು ಬೇಡ. ಉಪಕಾರ ಮಾಡುದಾದ್ರೆ ಮೇಲೆ ಹೋಗಿ ಹೇಳಿ, ಆ ಮಿಷನ್ ಕೆಳಗೆ ತರ್ಲಿ. ಅದಕ್ಕೆ ನನ್ನಷ್ಟು ಭಾರ ಇಲ್ಲ."

ಝುಹ್ರಾ ಸೀಲು ಹಾಕಿದ ಪ್ರತಿಯನ್ನು ಅವರ ಕೈಯಲ್ಲೇ ಕಳಿಸಿದಳು. ಅವರು ಹೋದರು, ಬಂದರು. ಊಟದ ಹೊತ್ತಂತೆ. ಮತ್ತೆ ಒಂದೂವರೆ ಗಂಟೆ. ಕೊನೆಗೆ ಯತಿನ್ ಎಂಬ ಮಿಷನ್ನಿನ ಹುಡುಗ ಚೀಲ ಹೆಗಲಿಗೇರಿಸಿ ಗೊಣಗುತ್ತಾ ಇಳಿದ. "ಕೆಳಗೆ ಬನ್ನಿ ಅಂತ ಮೊದಲೇ ಹೇಳ್ಬಾರ್ದಿತ್ತಾ ಅಕ್ಕ?"

ಸೀತುವಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬೆರಳು ಈ ಸಲವೂ ಆಗಲಿಲ್ಲ, ಕಣ್ಣು ಆಯಿತು. ಹತ್ತು ನಿಮಿಷದ ಕೆಲಸ. ಬರೀ ಹತ್ತು ನಿಮಿಷ! ಅದಕ್ಕೆ ಏಳೂವರೆ ತಿಂಗಳು ಹೋಯಿತು, ಒಬ್ಬನ ಸೊಂಟವೂ ಹೋಯಿತು.

ಪಿಂಚಣಿ ಮರುದಿನವೇ ಬರಲಿಲ್ಲ. ಇನ್ನೂ ಎರಡು ತಿಂಗಳು ಹಿಡಿಯಿತು, ಝುಹ್ರಾ ಎರಡು ಸಲ ಓಡಾಡಿದಳು. ಬಂದ ದಿನ ಮೀನಿನವನ ಹಾರ್ನ್ ಕೇಳಿದ್ದೇ ಸೀತು ಜಗಲಿಯಿಂದ ಕೂಗಿದಳು: "ಅತ್ತಿಗೇ, ಇವತ್ತು ಬೂತಾಯಿ ಬೇಡ. ಬಂಗುಡೆ! ಅಣ್ಣನಿಗೆ ದೊಡ್ಡದು."

"ಸುರು ಆಯ್ತು ನೋಡಿ ಇವಳ ದರ್ಬಾರು" ಎಂದು ಕಮಲಾವತಿ ಸೆರಗಿನಿಂದ ಕಣ್ಣೊರಸಿಕೊಂಡಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ "ಎಂತದೂ ಬೇಡ" ಎಂದು ಕೂತ ಒಬ್ಬರು ಇರಬಹುದು. ಬೇಡವಾಗಿ ಅಲ್ಲ, ದಣಿದು ಹಾಗೆ ಹೇಳುವುದು. ನಾಳೆಯೇ ಪಂಚಾಯತಿಗೆ ಹೋಗಿ, ಪುನರ್ವಸತಿ ಕಾರ್ಯಕರ್ತರು ಯಾರೆಂದು ಕೇಳಿ. ಕಷ್ಟವನ್ನು ಬರೆದು ಕೊಡಿ, ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಮತ್ತೆ, ಯಾವುದಾದರೂ ಮೆಟ್ಟಿಲಿನ ಕೆಳಗೆ ಯಾರಾದರೂ ಕಾಯುತ್ತಾ ಕೂತದ್ದು ಕಂಡರೆ, ಅವರನ್ನು ಎತ್ತಲು ಕೈ ಚಾಚುವ ಮೊದಲು ಕೇಳಿ. ಕಾಲು ಗಟ್ಟಿ ಇರುವವರು ನೀವು. ಹತ್ತಿ ಹೋಗಿ, ಮೇಲಿರುವವರನ್ನು ಕೆಳಗೆ ಕರೆದುಕೊಂಡು ಬನ್ನಿ.