ಹಸಿವಿನ ಬಾಟಲಿ

ಇವತ್ತೂ ಇಲ್ಲ. ಸರ್ವಮಂಗಳಾ ಸೂಕ್ಷ್ಮದರ್ಶಕದಿಂದ ಕಣ್ಣು ಕಿತ್ತು, ಎದ್ದು ಕಿಟಕಿ ತನಕ ಹೋಗಿ, ಬಂದು ಕೂತು, ಮತ್ತೆ ಎದ್ದಳು. ಎರಡು ವಾರದಿಂದ ಇದೇ ಪಾಡು.

ಅವಳು ಹುಡುಕುತ್ತಿದ್ದದ್ದು ಕೆಂಪು ಚುಕ್ಕೆ. ಹಣ್ಣಿನ ನೊಣದ ಮರಿಹುಳುಗಳನ್ನು ನಾಲ್ಕು ಗಂಟೆ ಉಪವಾಸ ಕೆಡವಿದರೆ, ಅವುಗಳ ಜೀವಕೋಶಗಳು ತಮ್ಮೊಳಗಿನ ಹಳೇ ಸಾಮಾನನ್ನೇ ಕರಗಿಸಿ ತಿಂದು ಬದುಕುತ್ತವೆ. ಬಣ್ಣ ಹಾಕಿದರೆ ಆ ಜಾಗವೆಲ್ಲ ಕೆಂಪಗೆ ಹೊಳೆಯಬೇಕು. ಈ ಏರ್ಪಾಡು ಕೆಟ್ಟರೆ ಬೆಳೆಯುವ ನರಮಂಡಲದ ಗತಿಯೇನು ಅನ್ನುವುದು ಅವಳ ಐದು ವರ್ಷದ ಪ್ರಶ್ನೆ. ನೆಟ್ಟಗಿರುವ ಹುಳುವಿನಲ್ಲೇ ಚುಕ್ಕೆ ಕಾಣದಿದ್ದರೆ ಕೆಟ್ಟದ್ದನ್ನು ಯಾವುದಕ್ಕೆ ಹೋಲಿಸೋದು, ಮಣ್ಣು! ಬಣ್ಣ ಹಳತೇನೋ ಅಂತ ಹೊಸದು ತರಿಸಿದಳು. ಅದರಲ್ಲೂ ಇಲ್ಲ.

"ಶುಕ್ರವಾರ ಸಮಿತಿ ಮುಂದೆ ಚಿತ್ರ ತೋರ್ಸಮ್ಮ. ಇಲ್ದಿದ್ರೆ ಫೆಲೋಶಿಪ್ ಇಲ್ಲಿಗೇ ಮುಗೀತು ಅಂದ್ಕೋ" ಅಂದಿದ್ದರು ಗೈಡ್ ಮೃತ್ಯುಂಜಯ ಸರ್.

ಮರುದಿನ ಬುಧವಾರ ಹನ್ನೊಂದಕ್ಕೆ ಹೊಸ ಹುಳುಗಳನ್ನು ಬಾಟಲಿಯ ಒದ್ದೆ ಕಾಗದದ ಮೇಲೆ ಬಿಟ್ಟು, ಹತ್ತಿ ತುರುಕಿ, ಎಂದಿನಂತೆ ಹೊರಗೆ ಬಿದ್ದಳು. ಗೋಕುಲಂ ರಸ್ತೆಯಲ್ಲಿ ಯೋಗದ ಚಾಪೆ ಸುತ್ತಿಕೊಂಡು ಫಾರಿನರುಗಳು ನಿಧಾನಕ್ಕೆ ನಡೆಯುತ್ತಿದ್ದರು. ಅವರ ನೆಮ್ಮದಿ ನೋಡಿ ಅವಳಿಗೆ ಹೊಟ್ಟೆ ಉರಿಯಿತು. ಅಷ್ಟರಲ್ಲಿ ಚಪ್ಪಲಿ ಉಂಗುಷ್ಠ ಕಿತ್ತುಬಂತು. ಕಾಲೆಳೆದುಕೊಂಡು ಲ್ಯಾಬಿಗೆ ವಾಪಸಾದಳು.

ಒಳಗೆ ಚಿಕ್ಕಮಾದಮ್ಮ ಇದ್ದಳು. ದಿನಾ ಕೆಸರೆ ಬಡಾವಣೆಯಿಂದ ಬಂದು, ನೊಣಗಳ ಊಟಕ್ಕೆ ರವೆ ಬೆಲ್ಲ ಹಾಕಿ ಕೇಸರಿಭಾತಿನಂತೆ ತಿರುವಿ ಬೇಯಿಸುವ ಕೆಲಸ ಅವಳದು. ಉಪವಾಸದ ಬಾಟಲಿಯ ಹತ್ತಿ ತೆಗೆದು, ಕಡ್ಡಿಯ ತುದಿಯಿಂದ ಒಂದು ಚೂರು ರವೆ ಒಳಗಿಡುತ್ತಿದ್ದಳು.

"ಅಯ್ಯಯ್ಯೋ, ಏನ್ ಮಾಡ್ತಿದೀರಿ!"

"ಒಂಚೂರೇ ಕಣಮ್ಮೋರೆ. ಬಾಕಿ ಬಾಟ್ಲಿಗೆಲ್ಲಾ ಊಟ ತುಂಬುಸ್ತೀರಿ, ಇವ್ಕೆ ಬರೀ ನೀರು ಮಡಗ್ತೀರಿ. ಮರ್ತುಬುಟ್ರೇನೋ ಅಂತ ನಾನೇ ಇಕ್ತಾ ಇವ್ನಿ."

"ಎಷ್ಟು ದಿನದಿಂದ?"

"ಎಲ್ಲಾ ದಿನಾನೂ. ಬೇಯ್ಸೋಳು ನಾನು. ಇವು ಎದುರ್ಗೇ ಹಸ್ಕೊಂಡಿದ್ರೆ ನಾನು ಎಂಗೆ ನನ್ ಊಟದ್ ಡಬ್ಬಿ ಬಿಚ್ಲಿ?"

ಸರ್ವಮಂಗಳಾಗೆ ಮೈಯೆಲ್ಲ ಉರಿದುಹೋಯಿತು. ಸರ್ ರೂಮು ಪಕ್ಕದಲ್ಲೇ. ಒಂದು ಮಾತು ಹೇಳಿದರೆ ನಾಳೆ ಈಕೆ ಕೆಲಸಕ್ಕಿಲ್ಲ. ಬಾಗಿಲ ತನಕ ಹೋದಳು, ನಿಂತಳು. ಐದು ವರ್ಷ ತಾನು ಈಕೆಯ ಅಡುಗೆಯನ್ನು ನೊಣಗಳಿಗೆ ಹಾಕಿದ್ದಾಳೆ. ಇದೆಲ್ಲ ಯಾತಕ್ಕೆ ಅಂತ ಒಂದು ದಿನವೂ ಹೇಳಿರಲಿಲ್ಲ. ಅವಳಿಗೆ ನಾಚಿಕೆಯಾಯಿತು. ವಾಪಸು ಬಂದು ಸ್ಟೂಲ್ ಎಳೆದುಕೊಂಡು ಎಲ್ಲವನ್ನೂ ಹೇಳಿದಳು.

"ಹಸಿದ್ರೆ ಮಾತ್ರ ಆ ಕೆಲಸ ಕಾಣ್ಸುತ್ತೆ ಚಿಕ್ಕಮಾದಮ್ಮ. ನಾಲ್ಕೇ ಗಂಟೆ."

"ಆಮೇಕೆ?"

"ಆಮೇಲೆ... ಕೊಯ್ದು ನೋಡ್ತೀನಿ."

ಚಿಕ್ಕಮಾದಮ್ಮ ಕಡ್ಡಿಯನ್ನು ಸೆರಗಿಗೆ ಒರೆಸಿದಳು. "ಸಾಯೋವನ್ನ ಹಸ್ದ ಹೊಟ್ಟೇಲಿ ಕಳುಸ್ತೀರಾ?" ಅಂದಳು. ಸರ್ವಮಂಗಳಾ ಆ ಬಾಟಲಿಯನ್ನು ಪಕ್ಕಕ್ಕೆ ಸರಿಸಿಟ್ಟಳು. ಅದನ್ನು ನೋಡಿ ಚಿಕ್ಕಮಾದಮ್ಮ, "ಆಗ್ಲಿ ಬುಡಿ. ಇನ್ನು ಮುಟ್ಟಾಕಿಲ್ಲ" ಅಂದಳು.

ಗುರುವಾರ ಹನ್ನೊಂದಕ್ಕೆ ಬಾಟಲಿ ಇಟ್ಟರು. ಒಂದು ಗಂಟೆಗೆ ಎಲ್ಲರೂ ಊಟಕ್ಕೆ ಹೋದರು. ಚಿಕ್ಕಮಾದಮ್ಮನ ಡಬ್ಬಿ ಬಟ್ಟೆಯ ಗಂಟಿನಲ್ಲೇ ಇತ್ತು.

"ಉಣ್ಣಿ, ಹೊತ್ತಾಯ್ತು."

"ಮೂರಕ್ಕಲ್ವಾ ಇವ್ಕೆ? ನಂಗೂ ಆಗ್ಲೇ ಆಗ್ಲಿ."

ಮೂರಕ್ಕೆ ಕೊಯ್ದು, ಬಣ್ಣ ಹಾಕಿ, ಸರ್ವಮಂಗಳಾ ಕಣ್ಣಿಟ್ಟಳು. ಕೆಂಪು! ಒಂದಲ್ಲ, ಹತ್ತಲ್ಲ, ಅಂಗಳದ ತುಂಬ ಕುಂಕುಮ ಚೆಲ್ಲಿದ ಹಾಗೆ. "ಬನ್ನಿ ಬನ್ನಿ, ಬಂದ್ಬುಡ್ತು!" ಅಂತ ಕೂಗಿಕೊಂಡಳು.

ಚಿಕ್ಕಮಾದಮ್ಮ ಬಗ್ಗಿ ಬಹಳ ಹೊತ್ತು ನೋಡಿದಳು. "ಪಾಪ, ಎಷ್ಟೊಂದ್ ಹಸ್ದಿದ್ವು" ಅಂದಳು.

ಆಮೇಲೆ ಕೈ ತೊಳೆದು ಡಬ್ಬಿಯ ಗಂಟು ಬಿಚ್ಚಿದಳು. ಮುದ್ದೆಯ ಮೊದಲ ತುತ್ತು ಮುರಿದು, ಸಾರಿಗೆ ಅದ್ದಿ, ಖಾಲಿ ಬಾಟಲಿಯ ಪಕ್ಕ ಮೇಜಿನ ಮೇಲಿಟ್ಟಳು. ಎರಡನೆಯದನ್ನು ತನ್ನ ಬಾಯಿಗಿಟ್ಟುಕೊಂಡಳು. ಮೇಜಿನ ಮೇಲೆ ತಿನ್ನುವ ಪದಾರ್ಥ ಇಡಕೂಡದು ಅಂತ ಗೋಡೆಯಲ್ಲಿ ಬೋರ್ಡಿತ್ತು. ಸರ್ವಮಂಗಳಾ ಆ ತುತ್ತನ್ನೇ ನೋಡುತ್ತ, ಏಳದೆ, ಕೂತೇ ಇದ್ದಳು.