ಉತ್ತರ ಸರಿ, ಪ್ರಶ್ನೆ ಬೇರೆ

ಅನಂತರಾಮು ಅವರ ಬಾಯಿಂದ ‘ತಪ್ಪು’ ಎಂಬ ಪದ ಕೇಳಿದವರು ಜೀವನಬಿಮಾನಗರದ ಆ ಕಾಲೋನಿಯಲ್ಲಿ ಒಬ್ಬರೂ ಇರಲಿಲ್ಲ. ವಿಮಾ ಕಚೇರಿಯಿಂದ ನಿವೃತ್ತರಾದ ಮೇಲೆ ಪ್ರತಿ ಜೂನ್‌ನಲ್ಲೂ ಕಾಲೋನಿಯ ಸಭಾಂಗಣದಲ್ಲಿ ರಸಪ್ರಶ್ನೆ ಸ್ಪರ್ಧೆ ನಡೆಸಿಕೊಂಡು ಬಂದ ಈ ಮನುಷ್ಯ, ಯಾರು ಎಂಥ ಅಸಂಬದ್ಧ ಉತ್ತರ ಕೊಟ್ಟರೂ ತಲೆಯನ್ನು ಒಂದಿಷ್ಟು ಎಡಕ್ಕೆ ವಾಲಿಸಿ, ಕಣ್ಣು ಅರೆಮುಚ್ಚಿ, ‘ಉತ್ತರ ಸರಿ, ಪ್ರಶ್ನೆ ಬೇರೆ’ ಎನ್ನುತ್ತಿದ್ದರು. ಮೂರು ಹೃದಯಗಳಿರುವ ಪ್ರಾಣಿ ಯಾವುದೆಂದು ಕೇಳಿದಾಗ ಸಂಘದ ಕಾರ್ಯದರ್ಶಿ ಕೆಂಪರಾಜ್ ಎದ್ದು ನಿಂತು ‘ಒಂಟೆ!’ ಎಂದು ಗರ್ಜಿಸಿದ್ದರು.

‘ಉತ್ತರ ಸರಿ, ಪ್ರಶ್ನೆ ಬೇರೆ ಕೆಂಪರಾಜ್. ಮರುಭೂಮಿಯ ಹಡಗು ಯಾವುದು ಅಂತ ಕೇಳಿದ್ರೆ ನಿಮಗೆ ಹತ್ತಕ್ಕೆ ಹತ್ತು. ನಾನು ಕೇಳಿದ್ದು ಆಕ್ಟೋಪಸ್ಸು.’

ಷಟ್ಪದಿಗೆ ಎಂಟು ಸಾಲು ಎಂದವರಿಗೆ, ‘ಜೇಡರಹುಳದ ಕಾಲು ಎಣಿಸಿದ್ದೀರಿ, ಸರಿಯಾಗೇ ಎಣಿಸಿದ್ದೀರಿ’ ಎಂಬ ಸಮಾಧಾನ. ಸೋತವರು ನಗುತ್ತಲೇ ಕೂರುತ್ತಿದ್ದರು.

ಅವರ ಕಂದು ಕೋಟು ಸ್ವತಃ ಒಂದು ವಿಶ್ವಕೋಶ. ಮೇಲಿನ ಜೇಬಿನಲ್ಲಿ ವಿಜ್ಞಾನ, ಎಡಗಡೆ ಇತಿಹಾಸ, ಬಲಗಡೆ ಊಟತಿಂಡಿ, ಎದೆಗೆ ತಾಗುವ ಒಳಜೇಬಿನಲ್ಲಿ ಕಾವ್ಯ. ದೂರದರ್ಶನಕ್ಕೆ ಬೇರೆ ಜಾಗವಿಲ್ಲದೆ ಅದು ಕರವಸ್ತ್ರದ ಜೊತೆ ಸಂಸಾರ ಮಾಡುತ್ತಿತ್ತು. ಓದಿದ್ದು, ಕೇಳಿದ್ದು ಎಲ್ಲವೂ ಚೀಟಿಯಾಗಿ ಆಯಾ ಜೇಬಿಗೆ ಬೀಳುತ್ತಿತ್ತು. ಊಟತಿಂಡಿಯ ಜೇಬಿಗೆ ಕೋಡುಬಳೆಯೂ ಬಿದ್ದು ಎಣ್ಣೆಯ ಕಲೆ ಶಾಶ್ವತವಾಗಿತ್ತು. ನಡಿಗೆಯಂತೂ ನಡಿಗೆಯೇ ಅಲ್ಲ. ಕಂಡ ಬೋರ್ಡನ್ನೆಲ್ಲ ನಿಂತು ಓದುವ ಅವರಿಗೆ ಅದು ಎರಡು ಬೋರ್ಡುಗಳ ನಡುವಿನ ಪ್ರಯಾಣ. ಕೊತ್ತಂಬರಿ ತರಲು ರಸೆಲ್ ಮಾರುಕಟ್ಟೆಗೆ ಹೋದವರು, ಟೊಮೆಟೊ ಹಣ್ಣೋ ತರಕಾರಿಯೋ ಎಂದು ನಯಾಜ್ ಭಾಯ್ ಅಂಗಡಿಯ ಮುಂದೆ ಚರ್ಚೆ ಹೂಡಿ ನಿಂತುಬಿಡುತ್ತಿದ್ದರು.

‘ಹಣ್ಣಾದ್ರೂ ಅದೇ ರೇಟು, ತರಕಾರಿ ಆದ್ರೂ ಅದೇ ರೇಟು ಸಾಬ್. ಹಿಂದೆ ಗಿರಾಕಿ ನಿಂತವ್ರೆ, ಜರಾ ಸೈಡಿಗ್ ಬನ್ನಿ’ ಎನ್ನುವರು ನಯಾಜ್. ಅನಂತರಾಮು ಸೈಡಿಗೆ ಬಂದು, ಹಿಂದಿದ್ದ ಗಿರಾಕಿಗೂ ಅದೇ ಪ್ರಶ್ನೆ ಕೇಳುವರು. ಕೊತ್ತಂಬರಿ ಮಾತ್ರ ಮನೆಗೆ ಬರುತ್ತಿರಲಿಲ್ಲ.

ಸ್ಪರ್ಧೆಯ ದಿನ ಎಲ್ಲರ ಮೊಬೈಲುಗಳೂ ಅವರ ಪತ್ನಿ ರಮಾಮಣಿಯವರ ದೊಡ್ಡ ಇಡ್ಲಿ ಪಾತ್ರೆಯೊಳಗೆ ಹೋಗಬೇಕು. ಆಕೆ ಮುಚ್ಚಳದ ಮೇಲೆ ಕೈಯಿಟ್ಟು ಕೂತರೆಂದರೆ, ಬಹುಮಾನ ಹಂಚುವವರೆಗೆ ಮುಚ್ಚಳ ಏಳದು. ಅಲ್ಲಿಯವರೆಗೆ ಅನಂತರಾಮು ಅವರ ಮಾತೇ ಕೊನೆಯ ಮಾತು. ಈ ನಿಯಮ ಮಾಡಿದವರೂ ಅವರೇ.

ಆ ನಿಯಮವೇ ಅವರನ್ನು ಹಿಡಿದು ನಿಲ್ಲಿಸಿದ್ದು ೨೦೨೩ರ ಜೂನ್‌ನಲ್ಲಿ. ಕಾಲೋನಿಯ ತಂಡಕ್ಕೂ ಪುಲಿಕೇಶಿನಗರದ ತಂಡಕ್ಕೂ ಸಮಸಮ. ಕಾಲೋನಿ ಬಹುಮಾನದ ಕಪ್ಪನ್ನು ಒಮ್ಮೆಯೂ ಬಿಟ್ಟುಕೊಟ್ಟಿರಲಿಲ್ಲ. ಆಚೆಯವರು ಪ್ರತಿಸಲ ಕೊನೆಯ ಮೆಟ್ಟಿಲಲ್ಲೇ ಜಾರಿದ್ದರು. ಕೊನೆಯ ಪ್ರಶ್ನೆಗೆ ಅನಂತರಾಮು ಮೇಲಿನ ಜೇಬಿನಿಂದ ಚೀಟಿ ತೆಗೆದರು: ಅತಿ ಹೆಚ್ಚು ಚಂದ್ರರಿರುವ ಗ್ರಹ ಯಾವುದು? ಪುಲಿಕೇಶಿನಗರದ ನಾಯಕಿ, ಮಾಸ್ಕ್ ರೋಡಿನ ದಂತವೈದ್ಯೆ ನಾಜಿಶ್, ಮೊದಲು ಗಂಟೆ ಬಾರಿಸಿದಳು.

‘ಶನಿ, ಅಂಕಲ್.’

‘ಉತ್ತರ ಸರಿ, ಪ್ರಶ್ನೆ ಬೇರೆ ಡಾಕ್ಟ್ರೇ. ಬಳೆ ತೊಟ್ಟ ಗ್ರಹ ಯಾವುದು ಅಂತ ನಾನು ಕೇಳ್ಬೇಕಿತ್ತು.’

ಕಾಲೋನಿಯ ಶರ್ವಾಣಿ ‘ಗುರುಗ್ರಹ’ ಎಂದಳು. ಶಿಳ್ಳೆ, ಚಪ್ಪಾಳೆ. ಕೆಂಪರಾಜ್ ಕಪ್ಪನ್ನು ಹೆಗಲ ಮೇಲೇರಿಸಿ ಕುಣಿದರು. ನಾಜಿಶ್ ‘ಇನ್ನೊಂದ್ಸಲ ನೋಡ್ಕೊಳ್ಳಿ ಅಂಕಲ್’ ಎಂದಷ್ಟೇ ಹೇಳಿ, ಪಾತ್ರೆಯಿಂದ ತನ್ನ ಮೊಬೈಲು ಎತ್ತಿ, ತೆರೆಯದೆ ಚೀಲಕ್ಕೆ ಹಾಕಿಕೊಂಡು ಹೊರಟುಬಿಟ್ಟಳು.

‘ಏನ್ರೀ, ಆ ಹುಡುಗಿ ಫೋನ್ ತೆಗೆದು ನಿಮಗ್ಯಾಕೆ ತೋರಿಸ್ಲಿಲ್ಲ?’ ಪಾತ್ರೆ ಒರೆಸುತ್ತ ರಮಾಮಣಿ ಕೇಳಿದರು.

‘ಯಾಕೆ?’

‘ತನ್ನ ಉತ್ತರ ಸರಿ ಅಂತ ಅಷ್ಟು ಗೊತ್ತಿತ್ತು ಅವಳಿಗೆ. ಎಲ್ಲರೆದುರು ನಿಮ್ಮನ್ನ ಸುಳ್ಳು ಮಾಡೋದು ಬೇಡ ಅಂತ. ಮರ್ಯಾದೆಸ್ತೆ.’

ಅನಂತರಾಮು ನಿಂತಲ್ಲೇ ಮೊಬೈಲು ತೆರೆದರು. ಚೀಟಿ ಫೆಬ್ರವರಿಯದು; ಆಗ ಚಂದ್ರರ ಲೆಕ್ಕದಲ್ಲಿ ಗುರು ಶನಿಯನ್ನು ಹಿಂದೆ ಹಾಕಿದ್ದು ನಿಜ. ಮೇ ತಿಂಗಳಲ್ಲಿ ಖಗೋಳಜ್ಞರು ಶನಿಗೆ ಇನ್ನಷ್ಟು ಚಂದ್ರರನ್ನು ಹುಡುಕಿಕೊಟ್ಟಿದ್ದರು. ಆಕಾಶ ಬದಲಾಗಿತ್ತು, ಕೋಟಿನ ಜೇಬು ಬದಲಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಕಪ್ಪು ಹಿಂತಿರುಗಿಸಬೇಕೆಂದು ಬಂದ ಅನಂತರಾಮು ಅವರಿಗೆ ಸಂಘದ ಗಾಜಿನ ಬೀರುವಿನ ಮುಂದೆ ಕೆಂಪರಾಜ್ ಅಡ್ಡ ನಿಂತರು. ‘ಯಾರಿಗ್ ಗೊತ್ತಾಗುತ್ತೆ ಬಿಡಿ ಸಾರ್! ಕಾಲೋನಿ ಮಾನದ ಪ್ರಶ್ನೆ. ನಿಮ್ ಮಾತೇ ಕೊನೆ ಅಂತ ರೂಲ್ ಮಾಡಿದ್ದು ನೀವೇ ತಾನೆ?’

‘ನನ್ನ ಮಾತೇ ಕೊನೆ, ಕೆಂಪರಾಜ್. ಅದು ಇನ್ನೂ ಮುಗಿದಿಲ್ಲ. ಬೀಗದಕೈ ಕೊಡಿ.’

ಕಪ್ಪನ್ನು ಅದೇ ಇಡ್ಲಿ ಪಾತ್ರೆಯಲ್ಲಿಟ್ಟು, ಕೋಟು ತೊಟ್ಟು, ಆಟೋ ಹತ್ತಿದರು. ಹಲಸೂರು ದಾಟುವವರೆಗೂ ಒಂದು ಬೋರ್ಡನ್ನೂ ಓದಲಿಲ್ಲವಂತೆ. ಜೊತೆಗಿದ್ದ ರಮಾಮಣಿಗೆ ಅದೇ ಗಾಬರಿ. ಕ್ಲಿನಿಕ್ಕಿನಲ್ಲಿ ನಾಜಿಶ್ ಯಾರದೋ ದವಡೆಗೆ ಹತ್ತಿ ತುರುಕುತ್ತಿದ್ದಳು. ತೆರೆದ ಬಾಗಿಲಲ್ಲಿ ನಿಂತು, ಕಾದು ಕೂತ ರೋಗಿಗಳೆಲ್ಲರಿಗೂ ಕೇಳುವಂತೆ, ಅನಂತರಾಮು ಹೇಳಿದರು:

‘ಡಾಕ್ಟ್ರೇ, ನಿನ್ನೆ ನಾನು ಹೇಳಿದ್ದು ತಪ್ಪು. ಶನಿಯೇ. ಕಪ್ಪು ನಿಮ್ಮದು.’

ರಮಾಮಣಿ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡರು. ಇಷ್ಟು ವರ್ಷದ ದಾಂಪತ್ಯದಲ್ಲಿ ಆಕೆಗೂ ಆ ಪದ ಹೊಸದು. ನಾಜಿಶ್ ಕೈಗವಸು ಕಳಚುತ್ತ, ತಲೆಯನ್ನು ಒಂದಿಷ್ಟು ಎಡಕ್ಕೆ ವಾಲಿಸಿದಳು.

‘ಉತ್ತರ ಸರಿ ಅಂಕಲ್, ತಿಂಗಳು ಬೇರೆ. ಫೆಬ್ರವರಿಲಿ ಕೇಳಿದ್ರೆ ನಿಮಗೆ ಹತ್ತಕ್ಕೆ ಹತ್ತು!’

ಕುರ್ಚಿಯಲ್ಲಿದ್ದ ರೋಗಿ, ಬಾಯಿತುಂಬ ಹತ್ತಿಯಿದ್ದರಿಂದ, ಹೆಬ್ಬೆರಳೆತ್ತಿ ಒಪ್ಪಿಗೆ ಕೊಟ್ಟ. ಈಗಲೂ ಆ ಕಪ್ಪು ಪ್ಲಾಸ್ಟರಿನ ಹಲ್ಲುಸೆಟ್ಟುಗಳ ನಡುವೆ ಹೊಳೆಯುತ್ತಿದೆ. ಬಂದವರಿಗೆಲ್ಲ ನಾಜಿಶ್ ಕಥೆ ಹೇಳುತ್ತಾಳೆ. ಹೇಳುವಾಗ ಅವಳ ತಲೆ ಎಡಕ್ಕೆ ವಾಲುತ್ತದೆ.

ದಿನಾ ಸಂಜೆ ಟೀವಿಯಲ್ಲಿ ಕೂತು ಕಿರುಚುವ ಮಹಾಶಯರನ್ನು ನೋಡಿದಾಗ ನನಗೆ ಮೈ ಉರಿಯುತ್ತದೆ. ಎದುರಿಗಿದ್ದವರ ಬಾಯಿಂದ ಮಾತು ಹೊರಡುವ ಮೊದಲೇ ‘ತಪ್ಪು, ತಪ್ಪು’ ಎಂದು ಮೇಜು ಗುದ್ದುತ್ತಾರೆ. ನಿನ್ನೆ ತಾವೇ ಹಬ್ಬಿಸಿದ ಸುಳ್ಳು ಇಂದು ಬಯಲಾದರೆ, ನಾಲಿಗೆ ಬೇರೆ ವಿಷಯಕ್ಕೆ ಜಿಗಿಯುತ್ತದೆ. ಬೇಕಾದಷ್ಟು ತಿಳಿದವರು ನಮ್ಮಲ್ಲಿ ಕಡಿಮೆಯೇನಿಲ್ಲ. ಜೇಬಿನ ಚೀಟಿ ಹಳತಾಗಿದೆಯೆಂದು ಗೊತ್ತಾದ ಕೂಡಲೇ ಆಟೋ ಹತ್ತುವವರು ಕಡಿಮೆ. ಅನಂತರಾಮು ಅವರಂಥವರು ಕಠಿಣವಾದ ಪದವನ್ನು ಇನ್ನೊಬ್ಬರ ಮೇಲೆ ಖರ್ಚು ಮಾಡುವುದಿಲ್ಲ. ಅದನ್ನು ಜತನವಾಗಿ ಕಾಪಿಟ್ಟು, ತಮಗೆ ಬೇಕಾದ ದಿನ, ನಾಲ್ಕು ಜನರ ಮುಂದೆ, ತಮಗಾಗಿಯೇ ಹೊರತೆಗೆಯುತ್ತಾರೆ.