ಕೈಗುಣ

"ನಮ್ಮ ಯಜಮಾನ್ರಿಗೆ ಕೆಲಸ ಸಿಕ್ತು ಅಕ್ಕಾ! ಎಲ್ಲಾ ನಿಮ್ಮ ಕೈಗುಣ!"

ಬಡಗಿಯ ಹೆಂಡತಿ ಮೇಜಿನ ಆಚೆಯಿಂದಲೇ ಅಕ್ಕನ ಎರಡೂ ಕೈ ಹಿಡಿದುಕೊಂಡಳು. ಇಸ್ತ್ರಿಪೆಟ್ಟಿಗೆ ಯಾರದೋ ಅಂಗಿಯ ಕಾಲರಿನ ಮೇಲೆ ಹಾಗೇ ಕೂತಿತ್ತು. ಅಕ್ಕ ಕೈ ಬಿಡಿಸಿಕೊಂಡು ಅದನ್ನೆತ್ತಿ ಪಕ್ಕಕ್ಕಿಟ್ಟಳು.

"ನನ್ನದೇನಿದೆಯಮ್ಮ. ಕೊಟ್ಟೋನು ಅವನು."

ಅವರ ಕ್ರೈಸ್ತ ಸಭೆ ಹುಟ್ಟಿ ಇನ್ನೂ ವರ್ಷ ತುಂಬಿರಲಿಲ್ಲ. ಚರ್ಚಿಗೆ ಕಟ್ಟಡವಿರಲಿಲ್ಲ, ಮುಚ್ಚಿಹೋದ ಕುರ್ಚಿ ಮೇಜಿನ ಗೋದಾಮಿನಲ್ಲಿ ಭಾನುವಾರದ ಪೂಜೆ ನಡೆಯುತ್ತಿತ್ತು. ಕಾಯಿಲೆಯ ತಂಗಿಯನ್ನು ಬಿಟ್ಟು ಅಕ್ಕ ಅಲ್ಲಿಗೂ ಹೋಗುವಂತಿರಲಿಲ್ಲ. ಹರೆಯದ ಫಾದರೇ ಮನೆಗೆ ಬಂದಿದ್ದರು. "ಗೋಡೆ ಆಮೇಲೆ ಎದ್ದರಾಯ್ತು, ಮೊದಲು ಪ್ರಾರ್ಥನೆ ಏಳಬೇಕು. ನೀವು ಇಲ್ಲಿಂದಲೇ ನಮ್ಮನ್ನೆಲ್ಲ ಜಪದಲ್ಲಿ ಹೊತ್ಕೊಳ್ಳಿ" ಎಂದು ಜಪಸರವನ್ನು ಅವಳ ಅಂಗೈಯಲ್ಲಿಟ್ಟು ಹೋಗಿದ್ದರು.

ಅಂದಿನಿಂದ ಒಂದು ಮೂಟೆ ಬಟ್ಟೆ ಮುಗಿದು ಇನ್ನೊಂದು ಬಿಚ್ಚುವ ನಡುವೆ ಅಕ್ಕ ಮಣಿ ಎಣಿಸತೊಡಗಿದಳು. ಯಾರದೋ ಮನೆಯಿಂದ ಮುನಿಸಿಕೊಂಡು ಹೋದ ಅಳಿಯ ವಾಪಸ್ಸು ಬಂದ. ಗಾರೆಯವನ ಕೆಮ್ಮು ನಿಂತಿತು. ಗೋದಾಮು ಖಾಲಿ ಮಾಡಿ ಎಂದು ಕೂತಿದ್ದ ಮಾಲೀಕ ಮೆತ್ತಗಾದ. ಜನ ಹುಡುಕಿಕೊಂಡು ಬರತೊಡಗಿದರು.

ಬಡಗಿಯ ಹೆಂಡತಿ ಹೋದ ಮೇಲೆ ಒಳಕೋಣೆಯಿಂದ ತಂಗಿಯ ದನಿ ಬಂತು. "ನಿನ್ನದೂ ಹೌಸ್‌ಫುಲ್ ಅಲ್ವೇನೇ!"

ಕಾಲೂರಿ ನಿಲ್ಲಲು ಆಗುತ್ತಿದ್ದಷ್ಟು ದಿನ ಅವಳು ಸಿನಿಮಾ ಟಾಕೀಸಿನಲ್ಲಿ ಟಿಕೆಟ್ ಕೊಡುತ್ತಿದ್ದಳು. ಈಗ ರೋಗ ಮೂಳೆಗಿಳಿದಿತ್ತು. ನಾಲಿಗೆಯೊಂದು ಚುರುಕಾಗಿ ಉಳಿದಿತ್ತು.

ಅಕ್ಕ ಅವಳನ್ನು ಮೆಲ್ಲಗೆ ಮಗ್ಗುಲಿಗೆ ಹೊರಳಿಸಿ ಹಾಸಿಗೆಬಟ್ಟೆ ಎಳೆದಳು. ತಂಗಿ ಹಲ್ಲು ಕಚ್ಚಿಕೊಂಡಳು. ಉಸಿರು ತಿರುಗಿದ ಮೇಲೆ ಹೇಳಿದಳು, "ಅಕ್ಕಾ, ನನಗೂ ಒಂದು ಟಿಕೆಟ್ ತೆಗೆಸಿಕೊಡೇ."

"ಎಲ್ಲಿಗೆ?"

"ಮೇಲಕ್ಕೆ."

"ಬಾಯಿಗೆ ಬೀಗ ಹಾಕು."

"ತಮಾಷೆಗಲ್ಲ ಕಣೇ. ಹುಷಾರು ಮಾಡಪ್ಪಾ ಅಂತ ಕೇಳಿ ಕೇಳಿ ಸಾಕಾಯ್ತು. ಅದು ಅವನು ಕೊಡಲ್ಲ. ಇದನ್ನಾದ್ರೂ ಕೇಳು. ನಾನೇ ಕೇಳ್ದೆ, ಕಿವಿಗೆ ಹಾಕ್ಕೊಳ್ಳಲಿಲ್ಲ. ನಿನ್ನ ಮಾತಾದ್ರೆ ನಡೆಯುತ್ತೆ."

"ಪಾಪ ಬರುತ್ತೆ ಕಣೇ."

"ಬಂದ್ರೆ ನನ್ನ ತಲೆ ಮೇಲೆ ಬರಲಿ."

ಅಕ್ಕ ಒದ್ದೆ ಹಾಸಿಗೆಬಟ್ಟೆ ಸುತ್ತಿಕೊಂಡು ಹೊರಗೆ ಹೋದಳು.

ಆಮೇಲೆ ಮಾತ್ರೆಗಳು ನಾಟುವುದನ್ನು ಬಿಟ್ಟವು. ಸೂಜಿ ಹಾಕಲು ಬರುತ್ತಿದ್ದ ನರ್ಸು ಕೂಡ ಅಕ್ಕನ ಮುಖ ನೋಡದೆ ಚೀಲ ಕಟ್ಟಿಕೊಳ್ಳುತ್ತಿದ್ದಳು. ಒಂದು ಮಧ್ಯಾಹ್ನ ತಂಗಿ ಕೂಗಿದ ಕೂಗಿಗೆ ಬೀದಿಯಲ್ಲಿ ಹೋಗುತ್ತಿದ್ದವರು ನಿಂತರು. ಆಮೇಲೆ ಅವಳು ಕೂಗಲಿಲ್ಲ. ದಿಂಬಿನ ಅಂಚನ್ನು ಬಾಯಿಗೆ ತುರುಕಿಕೊಂಡು ಅಕ್ಕನನ್ನೇ ನೋಡಿದಳು. ಆ ನೋಟದಲ್ಲಿ ತಮಾಷೆ ಇರಲಿಲ್ಲ.

ಅಕ್ಕ ಇಸ್ತ್ರಿಯ ಸ್ವಿಚ್ ಆರಿಸಿ ಹೊಸ್ತಿಲ ಮೇಲೆ ಕೂತಳು. ಜಪಸರ ತೆಗೆದಳು. ಎಂದಿನಂತೆ "ಗುಣಪಡಿಸು" ಎನ್ನಲು ಹೋದರೆ ನಾಲಿಗೆ ಹೊರಳಲಿಲ್ಲ. ಸ್ವಲ್ಪ ಹೊತ್ತು ಒಂದೇ ಮಣಿಯನ್ನು ಹಿಡಿದು ಕೂತಿದ್ದಳು. ಕೊನೆಗೆ "ಕರ್ಕೊಂಡ್ಬಿಡು" ಎಂದಳು. ಮುಂದಿನ ಮಣಿಗೂ ಅದನ್ನೇ ಹೇಳಿದಳು. ಸರ ಒಂದು ಸುತ್ತು ಬರುವವರೆಗೂ ಅದನ್ನೇ ಹೇಳಿದಳು.

ಮರುದಿನ ಬೆಳಿಗ್ಗೆ ಮುಖ ಒರೆಸಲು ಹೋದಾಗ ತಂಗಿಯ ಕೆನ್ನೆ ತಣ್ಣಗಾಗಿತ್ತು.

ಮಣ್ಣು ಮಾಡಿ ಬರುವಾಗ ಫಾದರ್ ಪಕ್ಕದಲ್ಲೇ ನಡೆದು ಬಂದರು. ಅವರ ಕಣ್ಣುಗಳು ಕೆಂಪಾಗಿದ್ದವು. "ನಾವೆಲ್ಲ ಎಷ್ಟು ಬೇಡಿಕೊಂಡ್ವಿ. ಕೆಲವು ಪ್ರಾರ್ಥನೆ ಯಾಕೆ ಮುಟ್ಟಲ್ವೋ, ನನಗೂ ಗೊತ್ತಿಲ್ಲಮ್ಮ."

"ಮುಟ್ತು ಫಾದರ್" ಎಂದಳು ಅಕ್ಕ.

ಅವರು ಅವಳ ಮುಖ ನೋಡಿದರು. ಆಮೇಲೆ ತಲೆ ಬಾಗಿಸಿದರು.

ಭಾನುವಾರ ಅಕ್ಕ ಮೊದಲ ಸಲ ಗೋದಾಮಿಗೆ ಹೋದಳು. ಮನೆಯಲ್ಲಿ ಕಾಯಬೇಕಾದವರು ಯಾರೂ ಇರಲಿಲ್ಲ. ಒಳಗೆ ಇನ್ನೂ ವಾರ್ನಿಷ್ ವಾಸನೆ. ಫಾದರ್ ಪ್ರಸಂಗದಲ್ಲಿ ಅವಳ ಮಾತನ್ನೇ ಎತ್ತಿದರು: "ತಂಗಿಯನ್ನು ಮಣ್ಣಿಗಿಟ್ಟು ಬರುತ್ತಾ ಆ ತಾಯಿ ಏನಂದ್ರು ಗೊತ್ತಾ? ಮುಟ್ತು ಅಂದ್ರು. ವಿಶ್ವಾಸ ಅಂದ್ರೆ ಅದು!" ಜನ ತಿರುಗಿ ತಿರುಗಿ ನೋಡಿದರು. ಕೆಲವರು ಕಣ್ಣೊರೆಸಿಕೊಂಡರು. ಅಕ್ಕ ಸೆರಗನ್ನು ಹಣೆಯವರೆಗೆ ಎಳೆದುಕೊಂಡಳು.

ಪೂಜೆ ಮುಗಿದದ್ದೇ ಗಾರೆಯವನ ಸೊಸೆ ನುಗ್ಗಿ ಬಂದು ಕೂಸನ್ನು ಅವಳ ಮಡಿಲಿಗೆ ಹಾಕಿದಳು. "ನಿನ್ನೆಯಿಂದ ಹಾಲೇ ಕುಡೀತಿಲ್ಲ ಅಕ್ಕಾ. ಡಾಕ್ಟರಿಗೂ ತೋರಿಸ್ದೆ. ನೀವೊಂದು ಮಾತು ಕೇಳ್ಕೊಳ್ಳಿ."

"ಬೇರೆ ಯಾರಿಗಾದ್ರೂ ಹೇಳಮ್ಮ."

"ನೀವೇ ಹೀಗಂದ್ರೆ ಹೇಗಕ್ಕಾ?"

"ನಾನು ಕೇಳಬಾರದು. ನನ್ನ ಕೈಲಿ ಕೇಳಿಸಬೇಡ."

ದುಃಖದಲ್ಲಿದ್ದಾಳೆ ಪಾಪ ಎಂದುಕೊಂಡು ಆ ಹುಡುಗಿ ಫಾದರನ್ನು ಕರೆಯಲು ಓಡಿದಳು. ಕೂಸಿನ ಮೈ ಕೆಂಡದಂತೆ ಸುಡುತ್ತಿತ್ತು. ಹೊಸ್ತಿಲ ಮೇಲೆ ಹೇಳಿದ ಮಾತು ಮತ್ತೆ ಬಾಯಿಗೆ ಬಾರದಂತೆ ಅಕ್ಕ ತುಟಿ ಬಿಗಿದುಕೊಂಡು ಕೂಸನ್ನು ಎದೆಗೊತ್ತಿಕೊಂಡಳು. ಸುತ್ತ ಗಂಡಸರು ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಾ ಬಂದರು. ಅವಳ ಹತ್ತಿರ ಬಂದವರು ದನಿ ತಗ್ಗಿಸಿ, ಅವಳು ಕೂತ ಕುರ್ಚಿಯೊಂದನ್ನು ಬಿಟ್ಟು ಮುಂದೆ ಹೋದರು.